ಅತ್ತೆ ಪಾಸಾದ್ರಾ?

ಬೇಡ ಅಂದ್ನಲ್ಲ! ಎಷ್ಟು ಸಲ ಹೇಳ್ಲಿ? ಆ ಫೋನನ್ನ ನನ್ನ ಕೈಗೆ ಕೊಡಬೇಡ. ಮೇಜಿನ ಮೇಲಿಡು. ಅಲ್ಲಲ್ಲ, ಈ ಮೇಜಲ್ಲ, ನಿನ್ನ ಮೇಜು. ನಿನ್ನ ಆಫೀಸು ನಿನ್ನ ಮೇಜಿನ ಮೇಲೇ ಇರಲಿ. ಊಟ ಆಯ್ತು, ಪಾತ್ರೆ ತೊಳೆದದ್ದಾಯ್ತು, ಇನ್ನು ನನ್ನ ಪಾಡಿಗೆ ನಾನು ಒಂದು ಗಳಿಗೆ ಅಡ್ಡಾಗ್ತೀನಿ.

ಏನು? "ಒಂದೇ ಒಂದು ಸಲ ಅತ್ತೆ"ನಾ? ಆಹಾ, ಒಂದೇ ಒಂದು ಸಲ! ಈ ಮಾತು ನಂಬಿ ನಂಬಿಯೇ ನನ್ನ ಬೇಸಿಗೆಯೆಲ್ಲ ಕಳೆದುಹೋಯ್ತು. ದಿನಾ ಊಟ ಆದ ಕೂಡಲೇ ಬಂದು, ಇದೇ ಮಂಚದ ಮೇಲೆ, ನನ್ನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತ್ಕೊಳ್ಳೋದು. "ಅತ್ತೆ, ನಿಮಗೆ ಫೋನಲ್ಲಿ ಡಾಕ್ಟರ ಹತ್ತಿರ ಸಮಯ ತಗೊಳ್ಳೋದು ಕಲಿಸ್ತೀನಿ ಬನ್ನಿ. ಮಂಡಿ ನೋವು ಅಂತೀರಿ, ನೀವೇ ಮಾಡ್ಕೊಳ್ಳೋ ಹಾಗಾದ್ರೆ ಯಾರ ಹಂಗೂ ಇರಲ್ಲ." ಅಬ್ಬಬ್ಬಾ, ಎಂಥಾ ಸೊಸೆ! ಮೇಲಿನ ಮನೆಯವಳ ಹತ್ತಿರ ನಿನ್ನ ಹೊಗಳಿದ್ದೇ ಹೊಗಳಿದ್ದು. ಅವಳ ಸೊಸೆ ಅವಳಿಗೆ ಟಿವಿ ರಿಮೋಟೂ ಕೊಡಲ್ವಂತೆ, ಪಾಪ. ನಾನು ಎದೆ ಉಬ್ಬಿಸ್ಕೊಂಡು ಹೇಳಿದ್ದೆ, "ನನ್ನ ಸೊಸೆ ಅಂಥವಳಲ್ಲ, ನನಗೆ ಪಾಠ ಹೇಳ್ಕೊಡ್ತಾಳೆ" ಅಂತ. ಪಾಠ! ನೀನು ಪಾಠ ಹೇಳೋಕೆ ಕೂತವಳಲ್ಲ ಕಣೇ. ಪರೀಕ್ಷೆ ಮಾಡೋಕೆ ಕೂತವಳು!

ತಲೆ ಅಲ್ಲಾಡಿಸಬೇಡ. ನಿನ್ನೆ ಎಲ್ಲಾ ಗೊತ್ತಾಯ್ತು ನನಗೆ. ನಿಮ್ಮ ಆಫೀಸಿನ ಸಂತೋಷಕೂಟಕ್ಕೆ ಕರ್ಕೊಂಡು ಹೋದ್ಯಲ್ಲ, ಮನೆಯವರನ್ನೆಲ್ಲ ಕರೆದಿದ್ದಾರೆ ಅಂತ? ನಾನು ಪೆಟ್ಟಿಗೆ ತೆಗೆದು ಒಳ್ಳೆ ಸೀರೆ ಉಟ್ಕೊಂಡು ಬಂದೆ. ನೀನು ಆ ಕಡೆ ಟೀ ತರೋಕೆ ಹೋದೆ ನೋಡು, ಆಗ ಬಂದ ಅವನು, ನಿಮ್ಮಲ್ಲಿ ಡಾಕ್ಟರ ಸಮಯ ತಗೊಳ್ಳೋ ಆ ಫೋನಿನ ಪುಟಕ್ಕೆ ರೂಪ ಕೊಡೋನು ಅಂತೀಯಲ್ಲ, ಸೋಡಾಬುಡ್ಡಿ ಕನ್ನಡಕದವನು. ಬಂದವನೇ ಎರಡೂ ಕೈ ಚಾಚಿ, "ಓಹೋಹೋ, ನೀವೇ ಅಲ್ವಾ ಅತ್ತೆ ಟೆಸ್ಟ್ ಅತ್ತೆ!" ಅಂದ. ನನಗೆ ತಲೆಬುಡ ಅರ್ಥ ಆಗ್ಲಿಲ್ಲ. ಯಾರದೋ ಅತ್ತೆ ಇರಬೇಕು ಅಂತ ಹಿಂದೆ ತಿರುಗಿ ನೋಡಿದೆ.

ಯಾಕೆ ನಗ್ತೀಯ? ನಗೋ ಹಾಗಿದೆಯಾ ಇದು? ಹಿಂದೆ ಗೋಡೆ ಇತ್ತು. ಗೋಡೆ ಮೇಲೆ ಏನಿತ್ತು ಹೇಳು? ಹೇಳು, ನಿನಗೆ ಗೊತ್ತಿಲ್ವಾ? ನನ್ನ ಕೈ! ನನ್ನ ಹೆಬ್ಬೆಟ್ಟಿನ ಫೋಟೋ, ಇಷ್ಟು ದೊಡ್ಡದು, ಈಳಿಗೆ ತಾಗಿದ ಗಾಯದ ಗುರುತು ಸಮೇತ. ಅದರ ಪಕ್ಕದಲ್ಲಿ ಬಣ್ಣಬಣ್ಣದ ಚೀಟಿ ಅಂಟಿಸಿ, "ಅತ್ತೆ ಫೇಲ್", "ಅತ್ತೆ ಫೇಲ್", "ಅತ್ತೆ ಮತ್ತೆ ಫೇಲ್". ಸಾಲಾಗಿ. ಒಳ್ಳೇ ತೋರಣ!

ಹಾಂ? ನನ್ನನ್ನಲ್ಲ, ಪುಟಾನ ಪರೀಕ್ಷೆ ಮಾಡ್ತಿದ್ದದ್ದಾ? ಹಾಗಾದ್ರೆ ಗೋಡೆ ಮೇಲೆ "ಪುಟ ಫೇಲ್" ಅಂತ ಬರೀಬೇಕಿತ್ತಲ್ಲಮ್ಮ! ಪುಟಕ್ಕೇನು ಮಾನ ಮರ್ಯಾದೆ ಇದೆಯಾ, ನಾಚಿಕೆ ಆಗುತ್ತಾ? ಅದನ್ನ ಬಿಟ್ಟು ನನ್ನ ಹೆಸರು ಬರೆದ್ರಿ. ಹೆಸರೂ ಅಲ್ಲ. ಅತ್ತೆ! ಅಲ್ಲಿ ಬಾಗಿಲು ಕಾಯೋನಿಗೂ ಗೊತ್ತು ಅತ್ತೆ ಅಂದ್ರೆ ನಾನು ಅಂತ. ದಿನಾ ಸಂಜೆ ನೀನು ಫೋನ್ ಮಾಡಿದ ತಕ್ಷಣ ಎಲ್ಲರೂ ಕೇಳೋದಂತೆ, "ಏನು, ಅತ್ತೆ ಪಾಸಾದ್ರಾ?" ನೀನು ಇಲ್ಲ ಅನ್ನೋದಂತೆ. ಅವರೆಲ್ಲ ಅಯ್ಯೋ ಅನ್ನೋದಂತೆ.

ಅಷ್ಟೇ ಆಗಿದ್ರೂ ನುಂಗ್ಕೊಳ್ತಿದ್ದೆ. ಒಬ್ಬಳು ಹುಡುಗಿ ಬಂದ್ಳು, ಗುಂಗುರು ಕೂದಲಿನವಳು. "ಅತ್ತೆ, ಅದೊಂದು ಸಲ ಹೇಳಿ, ನಿಮ್ಮ ಬಾಯಲ್ಲೇ ಕೇಳಬೇಕು" ಅಂದ್ಳು. ಏನಮ್ಮ ಹೇಳ್ಬೇಕು ಅಂದೆ. ಅವಳು ನನ್ನ ಹಾಗೇ ಮೂತಿ ಮಾಡ್ಕೊಂಡು, "ಎಲ್ಲಿ ಅಡಗಿ ಕೂತ್ಕೊಂಡ್ಯೋ ಹಾಳಾದ್ದೇ!" ಅಂದ್ಳು. ಎಲ್ಲರೂ ಗೊಳ್ಳಂತ ನಕ್ಕರು. ನನ್ನ ಮಾತು ಅದು! ಈ ಕೋಣೇಲಿ, ಈ ಮಂಚದ ಮೇಲೆ, ನಿನ್ನ ಪಕ್ಕ ಕೂತು, ಬಟನ್ ಸಿಗದೆ ಗೊಣಗಿದ ಮಾತು. ಅದು ಆ ಗುಂಗುರು ಕೂದಲಿನವಳ ಬಾಯಿಗೆ ಹೇಗೆ ಹೋಯ್ತು? ಫೋನೇ ಕದ್ದು ಕೇಳಿಸ್ಕೊಳ್ತಿತ್ತಂತೆ! ಪುಟಾನೂ ಹಿಡೀತಿತ್ತಂತೆ, ಮಾತೂ ಹಿಡೀತಿತ್ತಂತೆ.

ಹೇಳಿದ್ಯಾ? ಯಾವಾಗ ಹೇಳ್ದೆ? ಮೊದಲನೇ ದಿನಾನಾ... "ಇದು ರೆಕಾರ್ಡ್ ಆಗುತ್ತೆ ಅತ್ತೆ, ಪರವಾಗಿಲ್ವಾ" ಅಂತ... ಹೂಂ, ಏನೋ ಅಂದಿದ್ದೆ. ನಾನು ಸರಿ ಅಂದಿರಬಹುದು. ನೀನು ಏನು ಕೇಳಿದ್ರೂ ಸರಿ ಅಂತಿದ್ದೆ ಆಗ. ಅಡುಗೆಮನೆ ಬೀಗದ ಕೈ ಕೇಳಿದ್ರೂ ಕೊಡ್ತಿದ್ದೆ. ಅದು ಒಪ್ಪಿಗೆ ಅಲ್ಲ ಕಣೇ, ಅದು ನಂಬಿಕೆ. ನಿಮ್ಮ ಆಫೀಸಿನಲ್ಲಿ ಎರಡಕ್ಕೂ ಒಂದೇ ಬಟನ್ನಾ?

ಒಂದು ಕೇಳ್ತೀನಿ, ಮುಚ್ಚುಮರೆ ಇಲ್ಲದೆ ಹೇಳು. ಅವತ್ತು ನಿಮ್ಮ ಮಾವನ ವಿಷಯ ಹೇಳ್ತಾ ಹೇಳ್ತಾ ನಾನು ಕಣ್ಣೀರು ಹಾಕಿದ್ನಲ್ಲ... ಅವರು ಆಸ್ಪತ್ರೆಗೆ ಹೋದ ದಿನ ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಡ್ಯೂಟೀಲಿದ್ದೆ, ಊರಿನ ಕರೆಗಳನ್ನೆಲ್ಲ ಜೋಡಿಸ್ತಾ ಕೂತವಳಿಗೆ ಮನೆಯ ಕರೆ ಬಂದದ್ದು ಕೊನೆಗೆ, ಅಂತ. ಅದನ್ನೂ ಕೇಳಿಸ್ಕೊಂಡ್ರಾ ಅವರು? ಆ ಗುಂಗುರು ಕೂದಲಿನವಳು?

...ಕತ್ತರಿಸಿದ್ಯಾ? ಯಾರಿಗೂ ಕೊಡೋಕೆ ಮೊದಲೇ? ನನ್ನ ಮೇಲೆ ಆಣೆ?

ಸರಿ. ಅಷ್ಟಾದ್ರೂ ಮಾಡಿದ್ಯಲ್ಲ. ಮೂಗಿಗೆ ತುಪ್ಪ ಸವರ್ತಿದ್ದೀಯ ಅಂತಾನೂ ಅನ್ನಿಸುತ್ತೆ, ಆದ್ರೂ ಸರಿ.

ಆದ್ರೆ ಹೆಬ್ಬೆಟ್ಟು? ಅದಕ್ಕೇನು ಹೇಳ್ತೀಯ? ಸೋಡಾಬುಡ್ಡಿ ಎಲ್ಲರೆದುರಿಗೆ ಭಾಷಣ ಮಾಡಿದ. "ನಮ್ಮ ಸೈಟಿನಲ್ಲಿ ಇನ್ನು ಮೇಲೆ ಎಲ್ಲಾ ಹೆಬ್ಬೆಟ್ಟಿಗೆ ತಕ್ಕ ಹಾಗೆ ಇರುತ್ತೆ! ಹೆಬ್ಬೆಟ್ಟು ಮೊದಲು!" ಅಂತ. ಎಲ್ಲರೂ ಚಪ್ಪಾಳೆ. ನನ್ನ ಕಡೆ ಕೈ ತೋರಿಸಿ ಬೇರೆ! ಹೆಬ್ಬೆಟ್ಟು ಅಂದ್ರೆ ಏನರ್ಥ ನಮ್ಮ ಕಡೆ? ಹೆಬ್ಬೆಟ್ಟು ಅಂದ್ರೆ ಸಹಿ ಹಾಕೋಕೆ ಬರದವರು. ಅಕ್ಷರ ಅರಿಯದವರು. ಗೊತ್ತು, ಗೊತ್ತು, ಅವನು ಹೇಳಿದ್ದು ನಿಜವಾದ ಬೆರಳನ್ನೇ ಇರಬಹುದು, ಒಂದೇ ಕೈಲಿ ಫೋನ್ ಹಿಡಿದಾಗ ಹೆಬ್ಬೆಟ್ಟು ಎಲ್ಲಿವರೆಗೆ ಹೋಗುತ್ತೆ ಅಂತ ನೀವು ಅಳೀತೀರಂತೆ. ಆದ್ರೆ ಅಲ್ಲಿಗೆ ಬಂದಿದ್ದ ಅವರಮ್ಮ, ಇವರಪ್ಪ, ಅವರೆಲ್ಲ ಏನು ತಿಳ್ಕೊಂಡ್ರು? ಒಬ್ಬಳು ಹತ್ತಿರ ಬಂದು, ನಿಧಾನವಾಗಿ, ಕಿವುಡರಿಗೆ ಹೇಳೋ ಹಾಗೆ ಕೇಳಿದ್ಳು, "ಶಾಲೆಗೆ ಹೋಗಿಲ್ವಾ ಅಮ್ಮಾ?" ಅಂತ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು ಕಣೇ.

ನನ್ನನ್ನ! ಟೆಲಿಫೋನ್ ಎಕ್ಸ್‌ಚೇಂಜಲ್ಲಿ ನನ್ನ ಕೈ ನೋಡೋಕೆ ಬೇರೆ ಪಾಳಿಯವರು ಬಂದು ನಿಲ್ತಿದ್ರು. ಎದುರಿಗೆ ಹಲಗೆ ತುಂಬ ತೂತು, ತೂತಿಗೊಂದು ದೀಪ. ದೀಪ ಮಿನುಗೋದೇ ತಡ, ತಂತಿ ಎಳೆದು ಚುಚ್ಚು, ಆ ಕಡೆ ಚುಚ್ಚು, ಮಾತಾಡಿ ಸಾರ್. ನೋಡಿ ಚುಚ್ತಿರಲಿಲ್ಲ ನಾನು! ನಮ್ಮ ಮೇಲ್ವಿಚಾರಕಿ ನನಗೆ ಮಿಂಚುಳ್ಳಿ ಅಂತ ಹೆಸರಿಟ್ಟಿದ್ಳು. ಅಂಥ ಮಿಂಚುಳ್ಳಿಗೆ ನಿಮ್ಮ ಅಂಗೈಯಗಲದ ಫೋನಲ್ಲಿ ಬಟನ್ ಹುಡುಕೋಕೆ ಬರಲ್ವಾ? ಯಾವುದೋ ಚೌಕ ಒತ್ತೋಕೆ ಬರಲ್ವಾ...

ಏನು? ಏನೂ ಇಲ್ಲ. ಕಣ್ಣು ಮಂಜಾಗಿದೆ ಅಂತ ಹೇಳ್ದೆ. ಆಗ ಬರ್ತಿತ್ತು, ಈಗ ಬರಲ್ಲ ಅಂತ. ಮಧ್ಯೆ ಬಾಯಿ ಹಾಕಬೇಡ.

ಕೂತ್ಕೋಬೇಡ ಇಲ್ಲಿ. ಆ ಕುರ್ಚಿ ಮೇಲೆ ಕೂತ್ಕೋ. ಈ ಜಾಗದಲ್ಲಿ ಕೂತು ಮೋಸ ಮಾಡಿದ್ದು ಸಾಕು.

ನನಗೆ ನೋವಾದದ್ದು ಗೋಡೆಯ ಚೀಟಿಯಿಂದ ಅಲ್ಲ ಕಣೇ. ಜನ ನಗಲಿ, ನಕ್ಕವರ ಹಲ್ಲು ಕಾಣುತ್ತೆ ಅಷ್ಟೆ. ನೋವಾದದ್ದು... ನೀನು ಈ ಮನೆಗೆ ಬಂದ ಮೇಲೆ ನಮ್ಮಿಬ್ಬರ ಮಾತು ಏನಿತ್ತು? "ಅತ್ತೆ, ಉಪ್ಪು ಸಾಕಾ?" "ಸಾಕು." "ಅತ್ತೆ, ಬಾಗಿಲು ಹಾಕ್ಕೊಳ್ಳಿ." "ಹೂಂ." ಅಷ್ಟೆ! ತೊಡೆ ಮೇಲೆ ಲ್ಯಾಪ್‌ಟಾಪು, ಕಿವಿಗೆ ಬಿರಡೆ, ತಟ್ಟೆ ಅದರ ಪಕ್ಕ. ನನ್ನ ಮಗ ಮೊದಲೇ ಮೌನಿಬಾಬಾ. ಗಡಿಯಾರವೇ ನಮ್ಮ ಮನೇಲಿ ಜಾಸ್ತಿ ಮಾತಾಡ್ತಿತ್ತು. ಆಮೇಲೆ ಒಂದು ದಿನ ನೀನು ಬಂದು ಪಕ್ಕದಲ್ಲಿ ಕೂತೆ. ನನ್ನ ಹೆಬ್ಬೆಟ್ಟು ಹಿಡಿದು, "ಹೀಗಲ್ಲ ಅತ್ತೆ, ಮೆತ್ತಗೆ, ಹೂವು ಮುಟ್ಟಿದ ಹಾಗೆ" ಅಂದೆ. ನನ್ನ ಕೈ ಯಾರಾದ್ರೂ ಹಿಡಿದು ಎಷ್ಟು ಕಾಲ ಆಗಿತ್ತು ಗೊತ್ತಾ ನಿನಗೆ? ಪುಟ ಬಿಚ್ಚೋಕೆ ತಡ ಆದಾಗ ನೀನು ನಿಮ್ಮಮ್ಮನ ಸುದ್ದಿ ಹೇಳ್ತಿದ್ದೆ, ಚಿಕ್ಕಂದಿನಲ್ಲಿ ಕೊಡೆ ಹಿಡ್ಕೊಂಡು ಮಾಳಿಗೆಯಿಂದ ಹಾರಿದ್ದು ಹೇಳ್ತಿದ್ದೆ. ನಾವಿಬ್ಬರೂ ಬಿದ್ದು ಬಿದ್ದು ನಕ್ವಿ. ಬಸುರಿಯರ ಡಾಕ್ಟರ ಹತ್ತಿರ ನಿಮಗೇ ಸಮಯ ಹುಡುಕಿ ಅಂದ್ಯಲ್ಲ ಅವತ್ತು! ಈ ವಯಸ್ಸಿಗೆ!

ಅದೆಲ್ಲ ಪರೀಕ್ಷೆ. ಕೊಡೆಯೂ ಪರೀಕ್ಷೆ, ನಗುವೂ ಪರೀಕ್ಷೆ. ಕೈ ಹಿಡಿದದ್ದು ಕೈ ಎಷ್ಟು ದಪ್ಪ ಅಂತ ನೋಡೋಕೆ. ನಂಬಿಸಿ ಕತ್ತು ಕೊಯ್ದೆ ಕಣೇ ನೀನು.

ಅಳಬೇಡ. ಅತ್ತರೆ ನಾನೇನು ಕರಗಲ್ಲ. ...ಸೆರಗಿಗೆ ಯಾಕೆ ಒರೆಸ್ಕೊಳ್ತೀಯ, ಅಲ್ಲಿ ಟವೆಲ್ ಇದೆ ತಗೋ.

ಇವತ್ತು ಒಂದೇ ಒಂದು ಸಲ ಮಾಡಿ ಅಂತ ಯಾಕೆ ಬಂದೆ ಅಂತಾನೂ ಗೊತ್ತು ನನಗೆ. ಸೋಡಾಬುಡ್ಡಿ ಹೇಳಿದ. ಗಟ್ಟಿಯಾಗಿ ಅಲ್ಲ, ಮೆಲ್ಲಗೆ, ಪಕ್ಕಕ್ಕೆ ಕರ್ಕೊಂಡು ಹೋಗಿ. "ಅತ್ತೆ, ಬೇಜಾರು ಮಾಡ್ಕೋಬೇಡಿ. ಹಳೇ ಪುಟ ನಾವು ಪರೀಕ್ಷೆ ಮಾಡಿದ ಎಲ್ಲರ ಕೈಲೂ ಆಯ್ತು, ವಯಸ್ಸಾದವರ ಕೈಲೂ ಆಯ್ತು. ದಿನ ಆರಿಸೋ ಕಡೆ ನೀವೊಬ್ಬರೇ ಸಿಕ್ಕಿಹಾಕ್ಕೊಳ್ತಿದ್ರಿ. ನಾವು ಬಿಟ್ಟುಬಿಡೋಣ ಅಂದ್ವಿ. ನಿಮ್ಮ ಸೊಸೆ ಬಿಡಲಿಲ್ಲ. ನಮ್ಮತ್ತೆ ಕೈಲಿ ಆಗದ ಪುಟ ಹೊರಗೆ ಹೋಗಕೂಡದು ಅಂತ ಪಟ್ಟು ಹಿಡಿದ್ಳು, ನನ್ನ ಮೇಲೂ ರೇಗಿದ್ಳು, ಮೇಲಿನವರ ಮೇಲೂ ರೇಗಿದ್ಳು. ಕೊನೆಗೆ ಅವಳು ಹೇಳಿದ ಹಾಗೇ ಆ ದೊಡ್ಡ ಬಟನ್ ಮಾಡಿದ್ವಿ." ಆ ಬಟನ್ ಈಗ ತಲೆನೋವಾಗಿದೆಯಂತೆ ಅಲ್ವಾ? ಪುಟ ಸರಿಸೋಕೆ ಹೋದ್ರೆ ಸಾಕು, ಬೆರಳು ಅದರ ಮೇಲೇ ಬೀಳುತ್ತಂತೆ. ಜನ ಬೇಡದ ದಿನಕ್ಕೆಲ್ಲ ಸಮಯ ತಗೊಂಡು, ಆಸ್ಪತ್ರೆ ಬಾಗಿಲಲ್ಲಿ ಜಗಳ ಆಡ್ತಿದ್ದಾರಂತೆ. ಹಲ್ಲಿನ ನೋವಿಗೆ ಮುಂದಿನ ತಿಂಗಳು ಬನ್ನಿ ಅಂದ್ರೆ ಜಗಳ ಆಡದೆ ಇನ್ನೇನು ಮಾಡ್ತಾರೆ? ನಾಳೆ ನಿನ್ನ ಮೇಲಧಿಕಾರಿ ಎದುರು ನೀನು ಉತ್ತರ ಕೊಡಬೇಕಂತೆ. ಸರಿಯಾದ ಉತ್ತರ ಕೊಡದಿದ್ರೆ ಈ ಕೆಲಸದಿಂದ ನಿನ್ನ ತೆಗೀತಾರಂತೆ.

ಅದಕ್ಕೇ ತಾನೆ ಇವತ್ತು ಅತ್ತೆ ಬೇಕಾದದ್ದು? ಅತ್ತೆ ಹೊಸ ಪುಟದಲ್ಲಿ ಪಾಸಾಗಬೇಕು, ನೀನು ವಿಡಿಯೋ ತೆಗೀಬೇಕು, ನಾಳೆ ತೋರಿಸಬೇಕು, "ನೋಡಿ, ಹಳೇದ್ರಲ್ಲಿ ಆಗದವರಿಗೆ ಇದರಲ್ಲಿ ಆಯ್ತು" ಅಂತ. ನಿನ್ನ ಗಂಟು ಬಿಡಿಸೋಕೆ ನನ್ನ ಬೆರಳು. ನಾನು ಒತ್ತಲ್ಲ. ಒತ್ತಲ್ಲ ಅಂದ್ರೆ ಒತ್ತಲ್ಲ. ನನಗೇನು ಬಂತು? ನಾನು ಹೇಳಿದ್ನಾ ಬಟನ್ ದೊಡ್ಡದು ಮಾಡು ಅಂತ? ನನ್ನನ್ನ ಕೇಳಿ ಮಾಡಿದ್ಯಾ? ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತಾರೆ, ಆ ಪಾತ್ರೆ ಒಡೆದದ್ದು ನೀನು. ನನ್ನ ತಲೆಗೆ ಕಟ್ಟಬೇಡ!

ಕಟ್ತಿಲ್ವಾ? ಮತ್ತೆ ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀಯ?

ಅಷ್ಟು ಒಳ್ಳೇ ಪುಟಾನ ಕೆಡಿಸಿಟ್ರಿ. ನಿನ್ನೆ ಗೋಡೆ ಮೇಲೆ ಹೊಸದು ತೋರಿಸಿದ್ರಲ್ಲ, ನೋಡಿದೆ, ಅರ್ಧ ಫೋನು ಬಟನ್ನೇ. ಬಾಗಿಲಿಗಿಂತ ದೊಡ್ಡ ಚಿಲಕ! ಹಳೇದು ಎಷ್ಟು ಲಕ್ಷಣವಾಗಿತ್ತು. ಡಾಕ್ಟರ ಹೆಸರು ಒತ್ತು, ದಿನ ಒತ್ತು, ಕೆಳಗೆ ಹಸಿರು ಬಟನ್ ಒತ್ತು, ಮುಗೀತು. ಪುಟ ತಿರುಗಿದ್ರೆ ಎಂಥಾ ಚೆಂದದ ಮಾತು, "ನಿಮಗಾಗಿ ಕಾದಿರುತ್ತೇವೆ. ಅವಸರ ಬೇಡ, ನಿಧಾನವಾಗಿ ಬನ್ನಿ" ಅಂತ. ಆಸ್ಪತ್ರೆಯವರು ಹೇಳೋ ಮಾತಾ ಅದು? ಮನೆಯವರು ಯಾರೋ ಬಾಗಿಲಲ್ಲಿ ನಿಂತು ಕರೆದ ಹಾಗೆ ಇರ್ತಿತ್ತು. ಅಂಥದ್ದನ್ನ...

ಏನಾಯ್ತು?

ಯಾಕೆ ಹಾಗೆ ನೋಡ್ತಿದ್ದೀಯ? ಈಗ ತಾನೆ ಅಳ್ತಿದ್ದೆ.

ಏನು ಹೇಳ್ದೆ ನಾನು? ಚೆಂದದ ಮಾತು ಅಂದೆ. ನಿಧಾನವಾಗಿ ಬನ್ನಿ ಅಂತ... ಕೊನೇ ಪುಟದ... ಓ.

ನೀನೇ ಹೇಳಿದ್ಯಲ್ಲ ನನಗೆ, "ಕೊನೇ ಪುಟದಲ್ಲಿ ನಾನೇ ಬರೆದ ಒಂದು ಮಾತಿದೆ ಅತ್ತೆ" ಅಂತ. ದಿನಾ ಹೇಳ್ತಿದ್ದೆ. ಏನು ಮಾತು ಅಂತಾನೂ ಹೇಳಿದ್ದೆ. ಹೇಳಿರಲಿಲ್ವಾ? "ಅಲ್ಲಿಗೆ ಬಂದಾಗ ನೀವೇ ನೋಡಿ" ಅಂತಿದ್ದೆ... ಹೌದು, ಹಾಗೇ ಅಂತಿದ್ದೆ. ಹಾಗಾದ್ರೆ ನಿನ್ನೆ ಸೋಡಾಬುಡ್ಡಿ ಹೇಳಿರಬೇಕು. ಇಲ್ಲ, ಗೋಡೆ ಮೇಲೆ ಇತ್ತು. ಗೋಡೆ ಮೇಲೆ ಎಲ್ಲಾ ಇತ್ತಲ್ಲ...

ಇರಲಿಲ್ಲ ಅಲ್ವಾ?

ಹಾಗೆ ನೋಡಬೇಡ. ಬೈದಾದ್ರೂ ಬೈ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀನು ಕಳ್ಳ ಅಂತಾನೂ ಅನ್ನಲಿಲ್ಲ, ನಾನೇ ಕುಂಬಳಕಾಯಿ ತಂದು ನಿನ್ನ ಮುಂದಿಟ್ಟೆ.

ಎರಡನೇ ದಿನವೇ ಬಂತು ಕಣೇ. ನೀನು ಸ್ನಾನಕ್ಕೆ ಹೋಗಿದ್ದೆ, ಫೋನ್ ಇಲ್ಲೇ ದಿಂಬಿನ ಪಕ್ಕ ಬಿಟ್ಟಿದ್ದೆ. ಸುಮ್ನೆ ಒತ್ತಿದೆ. ಒತ್ತಿದೆ, ಒತ್ತಿದೆ, ಪುಟ ತಿರುಗಿತು. ನಿನ್ನ ಮಾತು ಬಂತು. ನೀನೇ ಬರೆದದ್ದು ಅಂತ ಓದಿದ ಕೂಡಲೇ ಗೊತ್ತಾಯ್ತು. ಎಷ್ಟೋ ಹೊತ್ತು ನೋಡ್ತಾ ಕೂತಿದ್ದೆ. ಆಮೇಲೆ ಹಿಂದಕ್ಕೆ ಹೋಗಿ, ಮೊದಲಿದ್ದ ಹಾಗೇ ಮಾಡಿಟ್ಟೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆಮೇಲೂ ನೀನಿಲ್ಲದಾಗ ಒತ್ತಿ ನೋಡ್ತಿದ್ದೆ.

ಯಾಕೆ ಅಂತ ಕೇಳಲ್ವಾ? ಕೇಳಬೇಡ. ಕೊನೇ ಪುಟ ಬಂದ್ರೆ ಕೆಲಸ ಮುಗೀತು, ನೀನು ಎದ್ದು ನಿನ್ನ ಮೇಜಿಗೆ ಹೋಗ್ತಿದ್ದೆ. ಅಷ್ಟೆ. ಕಲಿಸ್ತೀನಿ ಅಂತ ನೀನು ಕೂತೆ, ಕಲೀತಿದ್ದೀನಿ ಅಂತ ನಾನೂ ಕೂತೆ. ದಿನದ ಚೌಕ ಕಣ್ಣೆದುರಿಗೇ ಇರ್ತಿತ್ತು. ಬೇಕಂತಲೇ ಬೆರಳನ್ನ ಅದರ ಪಕ್ಕ ಒತ್ತುತ್ತಿದ್ದೆ. ಎಲ್ಲಿ ಅಡಗಿ ಕೂತ್ಕೊಂಡ್ಯೋ ಹಾಳಾದ್ದೇ ಅಂತಿದ್ದೆ. ನೀನು ನಕ್ಕು ನನ್ನ ಕೈ ಹಿಡ್ಕೊಳ್ತಿದ್ದೆ.

ಅದನ್ನ ನೋಡಿ ನೀನು ಎಲ್ಲರ ಹತ್ತಿರ ಜಗಳ ಆಡ್ತೀಯ, ಬಟನ್ ಬೆಳೀತಾ ಹೋಗುತ್ತೆ, ಇದೆಲ್ಲ ನನಗೆ ಗೊತ್ತಿರಲಿಲ್ಲ ಕಣೇ. ನಿನ್ನೆ ತನಕ ಗೊತ್ತಿರಲಿಲ್ಲ. ನಿನ್ನೆ ಆ ಸೋಡಾಬುಡ್ಡಿ ಹೇಳಿದ ಮೇಲೆ ರಾತ್ರಿಯೆಲ್ಲ... ಅದಕ್ಕೇ ಆಗಿನಿಂದ ಕೂಗಾಡ್ತಿದ್ದೀನಿ. ನೀನು ಮಾಡಿದ್ದನ್ನೇ ಗಟ್ಟಿಯಾಗಿ ಹೇಳ್ತಿದ್ರೆ ನಾನು ಮಾಡಿದ್ದು ನನಗೆ ಕೇಳಿಸಲ್ಲ ಅಂತ.

ಕೊಡು ಫೋನು. ಕೊಡು ಇಲ್ಲಿ. ಹಳೇ ಪುಟ ಇದೆಯಾ ಇದರಲ್ಲಿ? ವಿಡಿಯೋ ಹಾಕು. ಮಾತೂ ಹಿಡೀಲಿ, ಏನೂ ಕತ್ತರಿಸಬೇಡ. ನೋಡು. ಮಂಡಿ ಡಾಕ್ಟರು. ಗುರುವಾರ. ಹಸಿರು. ...ಬಂತು. ನೋಡಿದ್ಯಾ, ಕನ್ನಡಕಾನೂ ಹಾಕ್ಕೊಂಡಿಲ್ಲ. ನಾಳೆ ಇದನ್ನ ತೋರಿಸು ಅವರಿಗೆ. ಪುಟದ್ದು ತಪ್ಪಿಲ್ಲ, ನಿನ್ನದೂ ತಪ್ಪಿಲ್ಲ, ಅತ್ತೆ ಸುಳ್ಳಾಡಿದ್ಳು ಅನ್ನು. ಗೋಡೆ ಮೇಲೆ ಹಾಗೇ ಬರೆದು ಅಂಟಿಸಲಿ. ಆ ಗುಂಗುರು ಕೂದಲಿನವಳು ಅದನ್ನೂ ಆಡಿ ತೋರಿಸಲಿ.

ಅತ್ತೆ ಪಾಸಾದ್ರಾ? ಹೇಳೇ, ಪಾಸಾದ್ರಾ?

...ಎದ್ಯಾ? ಎಲ್ಲಿಗೆ? ಆಫೀಸಿಗೆ ಹೇಳಬೇಕೇನೋ. ಹೇಳು, ಹೋಗು. ಫೋನ್ ತಗೊಂಡು ಹೋಗು. ನನ್ನ ಮಗನಿಗೆ ನಾನೇ ಹೇಳ್ತೀನಿ ಸಂಜೆ.

ಬಾಗಿಲು ಯಾಕೆ ಹಾಕ್ಕೊಳ್ತೀಯ... ಆಯ್ತು, ಹಾಕ್ಕೋ.

ಕೇಳಿಸ್ತಿದೆಯಾ ಅಲ್ಲಿಗೆ? ನಾಳೆ ನಿನ್ನ ಮೀಟಿಂಗ್ ಆದ ಮೇಲೆ... ನಾಳೆ ಅಲ್ದಿದ್ರೆ ಇನ್ಯಾವತ್ತಾದ್ರೂ... ಊಟ ಆದ ಮೇಲೆ... ಫೋನ್ ತರಬೇಡ. ನಾನು ಗೋಡೆ ಕಡೆ ಸರಿದು ಕೂತಿರ್ತೀನಿ, ಜಾಗ ಇರುತ್ತೆ.

ಅವಸರ ಇಲ್ಲ ಕಣೇ. ನಿಧಾನವಾಗಿ ಬಾ.